ಸಂಸ್ಕೃತಿ ಅಧ್ಯಯನಕ್ಕೆ ಎಷ್ಟು ಶಿಸ್ತುಗಳನ್ನು ಕಲಿಯಬೇಕು?

ನೀವು ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ್ದೀರಿ, ಸಂಸ್ಕೃತಿ ಅಧ್ಯಯನದಲ್ಲಿ ಪಿಎಚ್‌.ಡಿ. ಮಾಡುವ ಆಸೆ ಇದೆ. ಆದರೆ ಅದು ನಾಲ್ಕು ವಿಭಾಗಗಳ ಕಲಸುಮೇಲೋಗರ ಎಂದು ನಿಮ್ಮ ಅಧ್ಯಾಪಕರೊಬ್ಬರು ಹೇಳಿದ್ದಾರೆ. ಅದು ನಿಜವೇ, ಅಲ್ಲವಾದರೆ ಎಷ್ಟು ಶಿಸ್ತುಗಳನ್ನು, ಅಂದರೆ ಇತಿಹಾಸ, ಮಾನವಶಾಸ್ತ್ರದಂಥ ಜ್ಞಾನಶಾಖೆಗಳನ್ನು, ಕಲಿಯಬೇಕು ಎಂದು ಕೇಳಿದ್ದೀರಿ.

ಕೆಲವೊಮ್ಮೆ ಅವರ ಮಾತು ನಿಜ. ಒಬ್ಬ ಸಿದ್ಧಾಂತಕಾರನ ಹೆಸರು, ಒಂದಿಷ್ಟು ಇತಿಹಾಸ, ಹತ್ತು ಸಂದರ್ಶನಗಳನ್ನು ಸೇರಿಸಿ ‘ಅಂತರ್‌ಶಿಸ್ತೀಯ’ ಎಂದು ಹಣೆಪಟ್ಟಿ ಹಚ್ಚಿದ ಪ್ರಸ್ತಾವಗಳನ್ನು ನಾನೂ ಓದಿದ್ದೇನೆ. ಅಂಥವನ್ನು ಕಂಡು ನಿಮ್ಮ ಅಧ್ಯಾಪಕರು ಬೇಸತ್ತಿದ್ದರೆ ಅದಕ್ಕೆ ಕಾರಣವಿದೆ. ಆದರೆ ಇನ್ನೊಂದು ಬಗೆಯ ಕೆಲಸವೂ ಇದೆ. ಅದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ನಾನೂ ಸಾಹಿತ್ಯದಿಂದ ಬಂದವಳು. ನನ್ನ ವಿಷಯ ಮನೆಗಳ ಹಳೆಯ ಫೋಟೊ ಆಲ್ಬಂಗಳು. ಮೊದಲ ವರ್ಷವೆಲ್ಲ ಫೋಟೊಗಳನ್ನು ಪದ್ಯ ಓದುವ ಹಾಗೆ ಓದಿದೆ. ಒಂದರಲ್ಲಿ ಗಂಡ ಕುರ್ಚಿಯಲ್ಲಿ ಕುಳಿತಿದ್ದಾನೆ, ಹೆಂಡತಿ ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಆ ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದೆಲ್ಲ ಆ ಕೈಯಲ್ಲೇ ಇದೆ ಎಂದು ನಂಬಿ ಆರು ಪುಟ ಬರೆದೆ. ವಾರ್ಷಿಕ ಪರಿಶೀಲನೆಗೆ ಇತಿಹಾಸ ವಿಭಾಗದಿಂದ ಬಂದಿದ್ದ ಪ್ರಾಧ್ಯಾಪಕರು ಪುಟ ತಿರುವಿ, “ಇದೇ ಸ್ಟುಡಿಯೊದಲ್ಲಿ ತೆಗೆದ ಬೇರೆ ಫೋಟೊಗಳನ್ನು ನೋಡಿದ್ದೀರಾ?” ಎಂದು ಕೇಳಿದರು. ನೋಡಿರಲಿಲ್ಲ. ಮುಂದಿನ ಎಂಟು ತಿಂಗಳು ಅದನ್ನೇ ಮಾಡಿದೆ. ಬೇರೆ ಬೇರೆ ಮನೆಗಳ ಆಲ್ಬಂಗಳಲ್ಲಿ ಅದೇ ಕುರ್ಚಿ, ಅದೇ ಪರದೆ, ಅದೇ ಜಾಗದಲ್ಲಿ ಕೈ. ಎಲ್ಲರನ್ನೂ ಹಾಗೆ ನಿಲ್ಲಿಸುತ್ತಿದ್ದವರು ಫೋಟೊ ತೆಗೆಯುವವರು. ಆರು ಪುಟಗಳನ್ನೂ ತೆಗೆದುಹಾಕಿದೆ.

ಆಮೇಲೆ ಆ ಫೋಟೊದಲ್ಲಿದ್ದವರನ್ನೇ ಹುಡುಕಿಕೊಂಡು ಹೋದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ನಾನು ಕೈಯ ಬಗ್ಗೆ ಕೇಳಿದರೆ ಅಜ್ಜಿ ಕೊರಳಿನ ಒಡವೆಯ ಬಗ್ಗೆ ಹೇಳಿದರು. ಅದು ಅಕ್ಕನದು, ಫೋಟೊಗೆಂದು ಎರವಲು ತಂದದ್ದು, ಸಂಜೆಗೆ ಹಿಂದಿರುಗಿಸಿದ್ದು. ಮದುವೆಯಾದ ವಾರದಲ್ಲೇ ತೆಗೆಸಿದ ಫೋಟೊ ಎಂದೂ ಹೇಳಿದರು. ಆದರೆ ಹಿಂಬದಿಯ ಸ್ಟುಡಿಯೊ ಮೊಹರಿನಲ್ಲಿದ್ದ ತಾರೀಖು ಮದುವೆಯಾಗಿ ಎರಡು ವರ್ಷ ಕಳೆದ ಮೇಲಿನದು.

ಇಂಥಲ್ಲಿ ಮೊಹರನ್ನು ನಂಬಿ ಅಜ್ಜಿಯ ಮಾತನ್ನು ಅಡಿಟಿಪ್ಪಣಿಗೆ ತಳ್ಳಬಹುದು. ನೆನಪೇ ದೊಡ್ಡದು ಎಂದು ಮೊಹರನ್ನು ಮರೆಯಲೂಬಹುದು. ಎರಡೂ ಸುಲಭ. ನನಗೆ ದಾರಿ ತೋರಿಸಿದವರು, ಜನರ ನೆನಪುಗಳನ್ನು ಕೇಳಿ ಇತಿಹಾಸ ಬರೆದ ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ತೆಲ್ಲಿ. ಇಟಲಿಯ ತೆರ್ನಿ ಉಕ್ಕಿನ ಕಾರ್ಖಾನೆಯ ಊರು. ಅಲ್ಲಿ 1949ರ ಮಾರ್ಚ್‌ನಲ್ಲಿ, ನೇಟೊ ಒಪ್ಪಂದದ ವಿರುದ್ಧ ಕಾರ್ಮಿಕರು ಪ್ರತಿಭಟಿಸಿದಾಗ, ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸತ್ತ. ದಶಕಗಳ ನಂತರ ಪೋರ್ತೆಲ್ಲಿ ವಿಚಾರಿಸಿದಾಗ ಊರಿನ ಹಲವರು, ಅವನು ಸತ್ತದ್ದು 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗ ನಡೆದ ಹೋರಾಟದಲ್ಲಿ ಎಂದರು. ಆ ಸಾವನ್ನು ಜನ ತಮ್ಮ ಬದುಕನ್ನು ಹೆಚ್ಚು ಅಲುಗಾಡಿಸಿದ ಹೋರಾಟದ ಪಕ್ಕಕ್ಕೆ ಸರಿಸಿಕೊಂಡಿದ್ದರು. ಪೋರ್ತೆಲ್ಲಿಗೆ ಆ ತಪ್ಪು ತಾರೀಖೇ ಆಕರವಾಯಿತು. ಆದರೆ ಸರಿಯಾದ ತಾರೀಖು ಯಾವುದೆಂದು ದಾಖಲೆಗಳಿಂದ ಖಚಿತವಾಗಿ ಗೊತ್ತಿರದಿದ್ದರೆ, ಅದು ತಪ್ಪು ಎಂಬುದೇ ಕಾಣುತ್ತಿರಲಿಲ್ಲ. ಅಂದ ಹಾಗೆ, ಪೋರ್ತೆಲ್ಲಿ ವೃತ್ತಿಯಿಂದ ಅಮೆರಿಕನ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ನಿಮ್ಮ ಎಂ.ಎ. ಇಲ್ಲಿ ಹೊರೆ ಎಂದು ಎಂದೂ ತಿಳಿಯಬೇಡಿ.

ನಾನು ಮತ್ತೆ ಅಜ್ಜಿಯ ಬಳಿ ಹೋಗಿ, ತಾರೀಖಿನ ಮಾತೆತ್ತದೆ, ಮದುವೆಯ ನಂತರದ ಎರಡು ವರ್ಷ ಹೇಗಿತ್ತು ಎಂದಷ್ಟೇ ಕೇಳಿದೆ. ಮದುವೆಯಲ್ಲಿ ಹಾಕಿದ ಒಡವೆಗಳೆಲ್ಲ ಆ ಹೊತ್ತಿಗೆ ಗಿರವಿಗೆ ಹೋಗಿದ್ದವು. ಫೋಟೊ ಮದುವೆಯ ದಿನಗಳಂತೆಯೇ ಕಾಣಲಿ ಎಂದು ಅಕ್ಕನ ಒಡವೆ ತೊಟ್ಟಿದ್ದರು. ಅಜ್ಜಿಯ ನೆನಪು ತಪ್ಪಿರಲಿಲ್ಲ. ಹಿಂದಿನ ದಿನಗಳಿಗೆ ಸೇರಲೆಂದೇ ತೆಗೆಸಿದ ಫೋಟೊ ಅದು. ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಹುಟ್ಟಿದ್ದು ಆ ಮಧ್ಯಾಹ್ನ. ಮೊಹರು, ಬೇರೆ ಮನೆಗಳ ಆಲ್ಬಂಗಳು, ಅಜ್ಜಿಯ ಮಾತು ಇವುಗಳಲ್ಲಿ ಒಂದಿಲ್ಲದಿದ್ದರೂ ಅದು ಸಿಗುತ್ತಿರಲಿಲ್ಲ.

ಹಾಗಾಗಿ ನನ್ನ ಉತ್ತರ: ನಿಮ್ಮ ಸಂಶೋಧನೆಯ ಪ್ರಶ್ನೆ ಬೇಡುವಷ್ಟು ಶಿಸ್ತುಗಳನ್ನು ಕಲಿಯಿರಿ. ಆದರೆ ಕಲಿತದ್ದನ್ನು ಆ ಶಿಸ್ತಿನವರೇ ತಲೆದೂಗುವಂತೆ ಕಲಿಯಿರಿ. ನನಗೆ ಬೇಕಾದದ್ದು ಎರಡು, ಇತಿಹಾಸ ಮತ್ತು ಮಾನವಶಾಸ್ತ್ರದ ಕ್ಷೇತ್ರಕಾರ್ಯ. ಎರಡೂ ವಿಭಾಗಗಳಲ್ಲಿ ಕಿರಿಯರ ಜೊತೆ ಕುಳಿತು ಪಾಠ ಕೇಳಿದೆ.

ಪ್ರಶ್ನೆ ಚಿಕ್ಕದಾಗಿರಲಿ. ಇಂಗ್ಲಿಷ್ ಪ್ರಾಧ್ಯಾಪಕ ರಿಚರ್ಡ್ ಹೊಗಾರ್ಟ್ 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತಿ ಅಧ್ಯಯನ ಕೇಂದ್ರ ಆರಂಭಿಸಿದರು. ಅವರ ನಂತರ ಸ್ಟುವರ್ಟ್ ಹಾಲ್ ಅದನ್ನು ಬೆಳೆಸಿದರು. ಬೀದಿ ಸುಲಿಗೆಯ ಬಗ್ಗೆ ಸಮಾಜದಲ್ಲಿ ಹಬ್ಬಿದ ಭಯವನ್ನು ಕುರಿತು ಆ ಕೇಂದ್ರದಿಂದ 1978ರಲ್ಲಿ ಬಂದ ಅಧ್ಯಯನವು ಪತ್ರಿಕೆ, ನ್ಯಾಯಾಲಯ, ಪೊಲೀಸ್, ಅರ್ಥವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ನೋಡಿತು. ಅದನ್ನು ಬರೆದವರು ಐದು ಜನ. ನೀವು ಒಬ್ಬರೇ.

ಅಷ್ಟು ಹೆಸರು ಮಾಡಿದ ಕೇಂದ್ರದಿಂದ ಬೆಳೆದ ವಿಭಾಗವನ್ನು 2002ರಲ್ಲಿ ವಿಶ್ವವಿದ್ಯಾಲಯ ಮುಚ್ಚಿತು. ಅದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಕೆಲಸ ಹುಡುಕುವಾಗ ‘ನೀವು ಯಾವ ವಿಭಾಗದವರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಹಿತ್ಯ ಪಾಠ ಮಾಡುವ ಅರ್ಹತೆಯನ್ನು ಕೈಬಿಡಬೇಡಿ.

ಇಬ್ಬರು ಮಾರ್ಗದರ್ಶಕರಿದ್ದರೆ ವರ್ಷಕ್ಕೆ ಎರಡು ಬಾರಿಯಾದರೂ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ತೀರ್ಮಾನಗಳನ್ನು ಬರೆದು ಇಬ್ಬರಿಗೂ ಕಳುಹಿಸಿ. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುತ್ತದೆ. ನನ್ನ ಗೆಳತಿಯೊಬ್ಬಳು ಅದರಿಂದಲೇ ಎರಡು ವರ್ಷ ಕಳೆದುಕೊಂಡಳು. ಜನರ ಸಂದರ್ಶನ ಮಾಡುವುದಾದರೆ ನೈತಿಕ ಸಮಿತಿಯ ಅನುಮತಿಗೆ ಮೊದಲೇ ಅರ್ಜಿ ಹಾಕಿ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ನಿಮ್ಮ ವಿಷಯ ಯಾವುದೆಂದು ನೀವು ಬರೆದಿಲ್ಲ. ಇನ್ನೂ ಗಟ್ಟಿಯಾಗಿರದಿದ್ದರೂ ಚಿಂತೆಯಿಲ್ಲ. ನಾಲ್ಕು ಸಾಲಿನಲ್ಲಿ ಬರೆದು ಇಲ್ಲೇ ಹಾಕಿ, ನಾನು ಓದುತ್ತೇನೆ.