ಮರುಭೂಮಿಗೆ ಮರಳು ಬೇಕಿಲ್ಲ: ಲೇಖಕರೊಬ್ಬರಿಗೆ ಉತ್ತರ

ಪ್ರಿಯ ಲೇಖಕರೇ,

ಅಂಟಾರ್ಕ್ಟಿಕಾ ಕುರಿತ ‘ಹಿಮದ ಮರಳುಗಾಡು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಸ್ತು ಒಳ್ಳೆಯದು, ದಯವಿಟ್ಟು ಕೈಬಿಡಬೇಡಿ.

ಮೊದಲ ತೊಡಕು ಶೀರ್ಷಿಕೆಯಲ್ಲೇ ಇದೆ. ಮರಳುಗಾಡು ಎಂದ ಕೂಡಲೇ ಓದುಗರ ಕಣ್ಣ ಮುಂದೆ ಮರಳು ಬಂದು ನಿಲ್ಲುತ್ತದೆ. ಆಮೇಲೆ ಹಿಮಖಂಡವನ್ನು ಆ ಪದದೊಳಗೆ ಕೂರಿಸಲು ನೀವು ಮೂರು ಪುಟ ಹೆಣಗಿದ್ದೀರಿ. ಮರುಭೂಮಿ ಎಂದು ಬರೆಯಿರಿ. ಆ ಪದಕ್ಕೆ ಮರಳಿನ ಹಂಗಿಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಅಥವಾ ಹಿಮ ಬೀಳುವ ನೆಲ ಮರುಭೂಮಿ ಎಂಬುದು ರೂಢಿಯ ಅಳತೆ. ಅಂಟಾರ್ಕ್ಟಿಕಾದ ಎತ್ತರದ ಒಳನಾಡಿನಲ್ಲಿ ಬೀಳುವ ಹಿಮವನ್ನೆಲ್ಲ ಕರಗಿಸಿ ಅಳೆದರೂ ಸಾಮಾನ್ಯವಾಗಿ 50 ಮಿ.ಮೀ. ದಾಟುವುದಿಲ್ಲ. ಹಾಗೆಂದು ಅಂಟಾರ್ಕ್ಟಿಕಾ ಮರುಭೂಮಿಯೇ ಎಂದು ಎಲ್ಲರೂ ಒಪ್ಪಿದ್ದಾರೆಂದು ಬರೆಯಬೇಡಿ. ಕೊಪ್ಪೆನ್ ಹವಾಮಾನ ವರ್ಗೀಕರಣವು ಈ ಖಂಡವನ್ನು ಶುಷ್ಕ ವಲಯಕ್ಕೆ ಸೇರಿಸದೆ ಧ್ರುವ ವಲಯದಲ್ಲೇ ಇಡುತ್ತದೆ.

‘ಚಳಿ ಹೆಚ್ಚಾದ್ದರಿಂದ ಮಳೆಯಿಲ್ಲ’ ಎಂಬ ಒಂದೇ ವಾಕ್ಯಕ್ಕೆ ನೀವು ಕಾರಣವನ್ನು ಮುಗಿಸಿರುವುದು ನನಗೆ ನಿಜಕ್ಕೂ ಬೇಸರ ತಂದಿತು, ಏಕೆಂದರೆ ಲೇಖನದ ಜೀವ ಅಲ್ಲಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಮೈನಸ್ 40 ಡಿಗ್ರಿಯಲ್ಲಿ ಅದೇ ಗಾಳಿಗೆ ಕಾಲು ಗ್ರಾಂ ಕೂಡ ಹೆಚ್ಚು. ಅದರ ಜೊತೆಗೆ ಮೋಡ ಕಟ್ಟಲು ಗಾಳಿ ಮೇಲೇರಬೇಕು, ಧ್ರುವದ ಮೇಲಾದರೋ ಅದು ಕೆಳಗಿಳಿಯುತ್ತಿರುತ್ತದೆ. ಕಡಲ ಕಡೆಯಿಂದ ಬರುವ ತೇವದ ಗಾಳಿಯೂ ಕರಾವಳಿಯ ಇಳಿಜಾರಿನಲ್ಲೇ ಹಿಮ ಸುರಿಸಿ, ಸುಮಾರು 3 ಕಿ.ಮೀ. ಎತ್ತರದ ಪ್ರಸ್ಥಭೂಮಿಯನ್ನು ಏರುವಷ್ಟರಲ್ಲಿ ಬರಿದಾಗಿರುತ್ತದೆ.

ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಒಣ ಕಣಿವೆಗಳಲ್ಲಿ ‘20 ಲಕ್ಷ ವರ್ಷಗಳಿಂದ ಹನಿ ಬಿದ್ದಿಲ್ಲ’ ಎಂಬ ಸಾಲನ್ನು ತೆಗೆದುಹಾಕಿ. ಅಲ್ಲಿಯೂ ತುಸು ಹಿಮ ಬೀಳುವುದನ್ನು ಅಳೆದಿದ್ದಾರೆ. ಅದು ನಿಲ್ಲುವುದಿಲ್ಲ, ಅಷ್ಟೆ: ಪ್ರಸ್ಥಭೂಮಿಯಿಂದ ಧುಮುಕುವ ಒಣ ಗಾಳಿಗೆ ಸಿಕ್ಕಿ ಬಹುಪಾಲು ನೀರಾಗದೆಯೇ ಆವಿಯಾಗಿ ಹೋಗುತ್ತದೆ.

ಓದುಗರು ಖಂಡಿತ ಕೇಳುವ ಪ್ರಶ್ನೆಯೊಂದನ್ನು ನೀವು ಮುಟ್ಟಿಯೇ ಇಲ್ಲ. ಇಷ್ಟು ಕಡಿಮೆ ಹಿಮ ಬೀಳುವ ನೆಲದ ಮೇಲೆ ಕೆಲವೆಡೆ 4 ಕಿ.ಮೀ.ಗೂ ಮೀರಿದ ಮಂಜುಗಡ್ಡೆ ಎಲ್ಲಿಂದ ಬಂತು? ಬಿದ್ದದ್ದು ಕರಗದೆ ಉಳಿದದ್ದರಿಂದ ಬಂತು. ಡೋಮ್ ಸಿ ಎಂಬಲ್ಲಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ ಸುಮಾರು 8 ಲಕ್ಷ ವರ್ಷಗಳ ಹಿಮ ಪದರಪದರವಾಗಿ ಕುಳಿತಿದೆ.

ಸಹಾರಾದ ಹೋಲಿಕೆಯಿಂದ ಆರಂಭಿಸಬೇಡಿ, ಅದು ಸವೆದ ದಾರಿ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ಸಂಶೋಧನಾ ನೆಲೆ ಇರುವ ಜಾಗದ ಹೆಸರು ಶಿರ್ಮಾಕರ್ ಓಯಸಿಸ್. ಓಯಸಿಸ್ ಎಂದರೆ ಮರುಭೂಮಿಯ ನಡುವಿನ ನೀರಿನ ತಾಣ. ಹಿಮದ ನಡುವೆ ಬಂಡೆ ಬತ್ತಲಾಗಿ, ಬೇಸಿಗೆಯಲ್ಲಿ ಹಿಮ ಕರಗಿದ ನೀರು ಕೆರೆಗಳಲ್ಲಿ ನಿಲ್ಲುವುದರಿಂದ ಆ ಹೆಸರು ಬಂದಿದೆ. ಆ ಕೆರೆಯ ದಂಡೆಯಿಂದ ಲೇಖನವನ್ನು ಮತ್ತೆ ಬರೆದು ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ