ಲಂಡನ್‌ನಲ್ಲಿ ಹೋದ ಫೋನು, ಮೂಡಿಗೆರೆಯಲ್ಲಿ ಆಗಬೇಕಾದ ಕೆಲಸ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ, ಸಣ್ಣ ಕಾಫಿ ತೋಟ. ಮಗಳು ಲಂಡನ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮೊನ್ನೆ ಸಂಜೆ ಬಸ್ ಸ್ಟಾಪಿನಲ್ಲಿ ಮ್ಯಾಪ್ ನೋಡುತ್ತ ನಿಂತಿದ್ದಾಗ ಬೈಕಿನಲ್ಲಿ ಬಂದವನೊಬ್ಬ ಅವಳ ಐಫೋನ್ ಕಿತ್ತುಕೊಂಡು ಹೋದ. ಅದರಲ್ಲಿ ಅಲ್ಲಿನ ಸಿಮ್ ಜೊತೆ ಇಲ್ಲಿನ ಸಿಮ್ಮೂ ಇತ್ತು. ಇಲ್ಲಿನ ನಂಬರ್ ನನ್ನ ಹೆಸರಿನಲ್ಲಿದೆ, ಅವಳ ಬ್ಯಾಂಕ್ ಖಾತೆಗೂ ಅದೇ ನಂಬರ್. ಅಲ್ಲಿನ ಸಿಮ್ಮನ್ನು ಅವಳು ನಿಲ್ಲಿಸಿದ್ದಾಳೆ. ಇಲ್ಲಿ ಠಾಣೆಯಲ್ಲಿ ಕೇಳಿದರೆ, ಲಂಡನ್ ಕಳ್ಳತನಕ್ಕೆ ಇಲ್ಲಿ ದೂರು ತಗೊಳ್ಳೋಕೆ ಬರಲ್ಲ ಅಂದರು. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಬಹುದೇ? ಈಗ ನನ್ನ ಮೊಬೈಲಿಗೆ ‘ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡಲು ಲಿಂಕ್ ಒತ್ತಿ’ ಎಂದು ಮೆಸೇಜ್ ಬಂದಿದೆ. ಕೊಯ್ಲಿನ ಸಮಯ, ತೋಟ ಬಿಟ್ಟು ಓಡಾಡುವುದೂ ಕಷ್ಟ. ಏನು ಮಾಡಲಿ?

ಉತ್ತರ: ಮೊದಲು ಆ ಲಿಂಕ್. ಒತ್ತಬೇಡಿ. ಕಳೆದ ಫೋನಿಗೆ ದೂರದಿಂದಲೇ ಬೀಗ ಹಾಕುವ ‘ಲಾಸ್ಟ್ ಮೋಡ್’ಗೆ ಹಾಕುವಾಗ, ಸಿಕ್ಕವರು ಕರೆ ಮಾಡಲೆಂದು ಮಗಳು ನಿಮ್ಮ ನಂಬರ್ ಕೊಟ್ಟಿರಬೇಕು. ಆ ನಂಬರ್ ಈಗ ಕದ್ದವರ ಕೈಯಲ್ಲಿರುವ ಪರದೆಯ ಮೇಲೆ ಕಾಣುತ್ತಿದೆ. ಬೀಗ ಬಿದ್ದ ಐಫೋನನ್ನು ಕಳ್ಳರು ಬಿಚ್ಚಿ ಬಿಡಿಭಾಗವಾಗಿ ಮಾರಬೇಕಾಗುತ್ತದೆ. ಮಗಳ ಆಪಲ್ ಅಕೌಂಟಿನ ಪಾಸ್‌ವರ್ಡ್ ಸಿಕ್ಕರೆ ಇಡೀ ಫೋನನ್ನೇ ಒಳ್ಳೆಯ ಬೆಲೆಗೆ ಮಾರಬಹುದು. ಲಿಂಕ್ ಒತ್ತಿದರೆ ಆಪಲ್‌ನದೇ ಎನ್ನಿಸುವ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಮುಂದೆ ಹೆದರಿಸುವ ಮೆಸೇಜೂ ಬರಬಹುದು, ಉತ್ತರ ಕೊಡಬೇಡಿ. ಮಗಳು ಬೇರೆ ಯಾವ ಕಂಪ್ಯೂಟರಿನಿಂದಲಾದರೂ ಕಳೆದ ಫೋನ್ ಹುಡುಕುವ ಆಪಲ್‌ನ ‘ಫೈಂಡ್ ಮೈ’ಗೆ ಹೋಗಿ ಫೋನಿನ ಒಳಗಿರುವುದನ್ನೆಲ್ಲ ಅಳಿಸಬಹುದು. ಆದರೆ ಆ ಫೋನನ್ನು ತನ್ನ ಅಕೌಂಟಿನಿಂದ ತೆಗೆದುಹಾಕಬಾರದು, ಯಾರು ಹೇಳಿದರೂ ಸರಿ. ಅಳಿಸಿದರೆ ಬೀಗ ಉಳಿಯುತ್ತದೆ, ತೆಗೆದುಹಾಕಿದರೆ ಬೀಗವೂ ಹೋಗುತ್ತದೆ.

ಸಂಚಾರ್ ಸಾಥಿಯಿಂದ ನಿಮಗೆ ಉಪಯೋಗವಿಲ್ಲ. 2023ರ ಮೇ ತಿಂಗಳಿನಿಂದ ದೇಶಕ್ಕೆಲ್ಲ ಸಿಗುತ್ತಿರುವ ಆ ವ್ಯವಸ್ಥೆ ಫೋನನ್ನು ನಿಲ್ಲಿಸುವುದು ಭಾರತದ ನೆಟ್‌ವರ್ಕುಗಳಲ್ಲಿ ಮಾತ್ರ, ಅದಕ್ಕೂ ಇಲ್ಲಿನ ಪೊಲೀಸ್ ದೂರಿನ ಪ್ರತಿ ಬೇಕು. ಠಾಣೆಯವರು ಹೇಳಿದ್ದು ತಪ್ಪಲ್ಲ. ಕಳವಿನ ದೂರು ಲಂಡನ್ ಪೊಲೀಸರಿಗೇ ಹೋಗಬೇಕು, ಆನ್‌ಲೈನ್‌ನಲ್ಲಿ ಅಥವಾ 101ಕ್ಕೆ ಕರೆ ಮಾಡಿ. ಅವರು ಕೊಡುವ ಕ್ರೈಮ್ ರೆಫರೆನ್ಸ್ ನಂಬರನ್ನು ಅವಳು ಜೋಪಾನವಾಗಿಡಲಿ. ವಿಮೆ ಇದ್ದರೆ ಅದನ್ನು ಕೇಳುತ್ತಾರೆ. ಫೋನ್ ತಂದ ಡಬ್ಬ ಮನೆಯ ಬೀರುವಿನಲ್ಲಿ ಇದೆಯೇ ನೋಡಿ. ಅದರ ಮೇಲೆ ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಅದರ ಫೋಟೋ, ಅಂಗಡಿ ಬಿಲ್ಲಿನ ಫೋಟೋ ಎರಡನ್ನೂ ಮಗಳ ಇಮೇಲಿಗೆ ಕಳಿಸಿ. ಆ ಸಂಖ್ಯೆ ಕೊಟ್ಟರೆ ಅಲ್ಲಿನ ಮೊಬೈಲ್ ಕಂಪನಿ ಬ್ರಿಟನ್ನಿನ ಎಲ್ಲ ನೆಟ್‌ವರ್ಕುಗಳಲ್ಲೂ ಆ ಫೋನ್ ಕೆಲಸ ಮಾಡದಂತೆ ತಡೆಹಾಕಿಸುತ್ತದೆ.

ನನಗೆ ನಿಜವಾಗಿ ಭಯವಿರುವುದು ಫೋನಿನ ಬಗ್ಗೆ ಅಲ್ಲ, ಇಲ್ಲಿನ ಸಿಮ್ಮಿನ ಬಗ್ಗೆ. ನಿಮ್ಮ ಪತ್ರದಲ್ಲಿ ಅದನ್ನು ನಿಲ್ಲಿಸಿದ ಮಾತೇ ಇಲ್ಲ. ಫೋನಿಗೆ ಎಂಥ ಬೀಗವಿದ್ದರೂ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅಲ್ಲಿಗೆ ಬರುತ್ತದೆ. ಇದನ್ನು ತಡೆಯಲು ಮಗಳಿಗಿಂತ ನಿಮಗೆ ಸುಲಭ, ಏಕೆಂದರೆ ನಂಬರ್ ನಿಮ್ಮ ಹೆಸರಿನಲ್ಲಿದೆ. ಇದನ್ನು ಓದಿದ ತಕ್ಷಣ ಮೊಬೈಲ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ. ಆಮೇಲೆ ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ನೀವೇ ಹೋಗಿ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಮಾಡಿಸಿ. ಆಳುಗಳು ತೋಟದಲ್ಲಿರುವ ದಿನ ಪೇಟೆಗೆ ಹೋಗಿಬರುವುದು ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಇದನ್ನು ನಾಳೆಗೆ ಇಡಬೇಡಿ. ಅಲ್ಲಿ ರಾತ್ರಿ ಎಂಟೂವರೆಯೆಂದರೆ ಚಳಿಗಾಲದಲ್ಲಿ ನಮಗೆ ಮಧ್ಯರಾತ್ರಿ ಎರಡು ಗಂಟೆ. ಅವಳು ಮಲಗಿರುವಾಗ ಇಲ್ಲಿ ಅಂಗಡಿ ತೆರೆಯುತ್ತದೆ.

ಹೊಸ ಸಿಮ್ ಚಾಲೂ ಆದ ಮೇಲೂ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಗಾಬರಿಯಾಗಬೇಡಿ. ಮೋಸಗಾರರು ನಕಲಿ ಸಿಮ್ ಮಾಡಿಸಿ ದುಡ್ಡು ಎಳೆಯದಿರಲೆಂದು ಇರುವ ನಿಯಮ ಅದು. ಆಮೇಲೆ ಅವಳ ಒಟಿಪಿಗಳೆಲ್ಲ ನಿಮ್ಮ ಕೈಗೆ ಬರುತ್ತವೆ. ಅವಳಿಗೆ ಹೇಳಬೇಕಾದರೆ ಮುಖ ಕಾಣುವ ವಿಡಿಯೋ ಕಾಲ್‌ನಲ್ಲಿ ಹೇಳಿ. ‘ಅಪ್ಪ, ಇದು ಫ್ರೆಂಡ್ ನಂಬರ್, ಒಟಿಪಿ ಕಳ್ಸು, ಅರ್ಜೆಂಟ್’ ಎಂದು ಮೆಸೇಜ್ ಬಂದರೆ ಅದು ಅವಳೇ ಎಂದು ನಂಬಬೇಡಿ. ಅವಳ ವಾಟ್ಸಾಪ್ ಇದೇ ನಂಬರಿನಲ್ಲಿದ್ದರೆ, ಹೊಸ ಸಿಮ್ಮಿಗೆ ಬರುವ ಕೋಡ್ ಹಾಕಿ ಬೇರೆ ಫೋನಿನಲ್ಲಿ ತೆರೆದ ಕೂಡಲೇ ಕದ್ದ ಫೋನಿನಲ್ಲಿ ಅದು ಮುಚ್ಚಿಹೋಗುತ್ತದೆ.

ಬ್ಯಾಂಕಿಗೂ ಇವತ್ತೇ ತಿಳಿಸಬೇಕು. ಯುಪಿಐ, ಮೊಬೈಲ್ ಬ್ಯಾಂಕಿಂಗ್ ಎರಡನ್ನೂ ನಿಲ್ಲಿಸಲು ಮಗಳು ತನ್ನ ಇಮೇಲಿನಿಂದ ಬರೆಯಲಿ, ನೀವು ಶಾಖೆಗೆ ಹೋಗಿ ಅದೇ ವಿಷಯವನ್ನು ಕಾಗದದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ತಂದ ನಿಯಮದ ಪ್ರಕಾರ, ಗ್ರಾಹಕರು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನ ತಲೆಗೆ. ಆ ಮೊಹರಿನ ಬೆಲೆ ಅಷ್ಟಿದೆ. ಖಾತೆಯಿಂದ ಈಗಾಗಲೇ ಹಣ ಹೋಗಿದ್ದರೆ ಮಾತು ಬೇರೆ: ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳನ್ನು ನೋಡುವ ಚಿಕ್ಕಮಗಳೂರಿನ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಫೋನ್ ಕದ್ದದ್ದು ಲಂಡನ್‌ನಲ್ಲಾದರೂ ಹಣ ಹೋದದ್ದು ಇಲ್ಲಿನ ಖಾತೆಯಿಂದ.

ಅಲ್ಲಿನ ಬ್ಯಾಂಕಿಗೆ ಮಗಳು 159ಕ್ಕೆ ಕರೆ ಮಾಡಿದರೆ ಸಾಕು, ಬಹುತೇಕ ದೊಡ್ಡ ಬ್ಯಾಂಕುಗಳಿಗೆ ಅಲ್ಲಿಂದಲೇ ಸಂಪರ್ಕ ಕೊಡುತ್ತಾರೆ. ಇನ್ನೊಂದನ್ನು ಅವಳ ಕಿವಿಗೆ ಹಾಕಿ: ಬ್ರಿಟನ್ನಿನಲ್ಲಿ ಈಗ ವಾಸದ ಅನುಮತಿಯ ಕಾರ್ಡಿನ ಬದಲು ಆನ್‌ಲೈನ್ ಖಾತೆಯಲ್ಲಿರುವ ಇ-ವೀಸಾ. ಆ ಖಾತೆಗೆ ಹೋಗಲು ಕೋಡ್ ಬೇಕು. ಅದು ಕಳೆದುಹೋದ ನಂಬರಿಗೆ ಬರುವಂತಿದ್ದರೆ ಇಮೇಲಿಗೆ ತರಿಸಿಕೊಂಡು ಒಳಹೋಗಿ, ನಂಬರ್ ಬದಲಿಸಲಿ. ಕೆಲಸಕ್ಕೆ ಸೇರುವಾಗ, ಬಾಡಿಗೆ ಮನೆ ಹಿಡಿಯುವಾಗ ಆ ಇ-ವೀಸಾವನ್ನೇ ಕೇಳುತ್ತಾರೆ.

ಡೂಪ್ಲಿಕೇಟ್ ಸಿಮ್ಮನ್ನು ಅವಳಿಗೆ ಕಳಿಸುವ ಮುನ್ನ ಅದಕ್ಕೆ ಸಿಮ್ ಪಿನ್ ಹಾಕಿ. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ತಾನೇ ಬೀಗ ಹಾಕಿಕೊಳ್ಳುತ್ತದೆ, ಬೇರೆ ಫೋನಿಗೆ ಹಾಕಿದರೂ ಪಿನ್ ಇಲ್ಲದೆ ಒಟಿಪಿ ಬರುವುದಿಲ್ಲ. ಹೊಸ ಐಫೋನ್ ತಗೊಂಡರೆ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಎಂಬ, ಕದ್ದವರನ್ನು ತಡೆಯುವ ಸೆಟ್ಟಿಂಗನ್ನು ಮೊದಲ ದಿನವೇ ಚಾಲೂ ಮಾಡಲಿ.

ನೀವು ಬರೆದದ್ದರಲ್ಲಿ ಅವಳಿಗೆ ಪೆಟ್ಟಾಯಿತೇ ಇಲ್ಲವೇ ಎಂಬುದಿಲ್ಲ. ಕೈಯಿಂದ ಕಿತ್ತುಕೊಂಡು ಹೋದ ಮೇಲೆ ಎಷ್ಟೋ ಮಕ್ಕಳು ಸಂಜೆ ಹೊರಗೆ ಹೋಗಲೂ ಹೆದರುತ್ತಾರೆ, ಮನೆಗೆ ಮಾತ್ರ ಹೇಳುವುದಿಲ್ಲ. ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆ ಅಲ್ಲಿ ಇಂಥವರ ಜೊತೆ ಉಚಿತವಾಗಿ ಮಾತನಾಡುತ್ತದೆ, ವಿಶ್ವವಿದ್ಯಾಲಯದಲ್ಲೂ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿ ಇರುತ್ತದೆ. ಇವತ್ತು ಕರೆ ಮಾಡಿದಾಗ ಸಿಮ್ಮಿನ ವಿಷಯಕ್ಕೆ ಮೊದಲು ಅದನ್ನು ಕೇಳಿ.