ನೆಟ್ ಸ್ಪೀಡ್ 200 ಇದೆ, ಕನ್ಸೋಲ್ ಮಾರಿಬಿಡಲಾ?

ಪ್ರಶ್ನೆ: ನಮ್ಮ ಮನೆಯ ನೆಟ್ 200 ಎಂಬಿಪಿಎಸ್. ಇನ್ನು ಕನ್ಸೋಲ್ ಕಾಲ ಮುಗಿಯಿತು ಅಂತ ಗೆಳೆಯರು ಹೇಳುತ್ತಾರೆ. ಇರುವುದನ್ನು ಮಾರಿ ಕ್ಲೌಡ್ ಗೇಮಿಂಗ್ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡರೆ ಸಾಕಲ್ವಾ?

ಮಾರಬೇಡಿ. ಈಗಲೇ ಅಂತೂ ಬೇಡ. ಕ್ಲೌಡ್ ಗೇಮಿಂಗ್‌ನಲ್ಲಿ ಆಟ ಓಡುವುದು ಕಂಪನಿಯ ದೂರದ ಸರ್ವರ್‌ನಲ್ಲಿ, ಮನೆಗೆ ಬರುವುದು ಅದರ ವಿಡಿಯೋ ಮಾತ್ರ. ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ, ಪ್ರತಿ ಸಲವೂ ಜೊತೆಗೊಂದು ಸ್ಪೀಡ್ ಟೆಸ್ಟ್ ಚಿತ್ರ ಇರುತ್ತದೆ. ಆ ದೊಡ್ಡ ಅಂಕಿ ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ. ಎನ್‌ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ, 1080ಪಿ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ಕಳಿಸಲು ಕೇಳುವುದು 25 ಎಂಬಿಪಿಎಸ್ ಮಾತ್ರ. ನಿಮ್ಮ ಹತ್ತಿರ ಅದರ ಎಂಟು ಪಟ್ಟು ಇದೆ. ಉಳಿದದ್ದರಿಂದ ಆಟ ಚೂರೂ ಚುರುಕಾಗುವುದಿಲ್ಲ.

ನೋಡಬೇಕಾದದ್ದು ಲೇಟೆನ್ಸಿ, ಅಂದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ತಡ. ನೀವು ಬಟನ್ ಒತ್ತಿದ್ದು ಸರ್ವರ್‌ಗೆ ತಲುಪಬೇಕು. ಅಲ್ಲಿ ಆಟ ಫ್ರೇಮ್ ತಯಾರಿಸಬೇಕು, ಅದನ್ನು ವಿಡಿಯೋ ಆಗಿ ಕುಗ್ಗಿಸಬೇಕು. ಅದು ಮನೆಗೆ ಬಂದು, ಮತ್ತೆ ಬಿಚ್ಚಿಕೊಂಡು, ಪರದೆಯ ಮೇಲೆ ಕಾಣಬೇಕು. 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್ ಇರುವುದು ಸುಮಾರು 16.7 ಮಿಲಿಸೆಕೆಂಡ್. ಸರ್ವರ್ 1000 ಕಿಲೋಮೀಟರ್ ದೂರ ಇದ್ದರೆ, ಫೈಬರ್‌ನಲ್ಲಿ ಬೆಳಕು ಹೋಗಿ ಬರಲಿಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು. ಅದೂ ಕೇಬಲ್ ನೇರ ಇದ್ದರೆ, ನೇರ ಇರುವುದಿಲ್ಲ. ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಈ ದೂರ ಕಡಿಮೆಯಾಗುವುದಿಲ್ಲ.

"ಸಿನಿಮಾ 4ಕೆಯಲ್ಲಿ ಸಲೀಸಾಗಿ ಓಡುತ್ತೆ, ಆಟಕ್ಕೇನು ರೋಗ?" ಅಂತ ಕೇಳುವವರಿದ್ದಾರೆ. ಸಿನಿಮಾದ ಮುಂದಿನ ದೃಶ್ಯ ಆಗಲೇ ತಯಾರಿದೆ. ಆ್ಯಪ್ ಅದನ್ನು ಮುಂಚೆಯೇ ಇಳಿಸಿಟ್ಟುಕೊಳ್ಳುತ್ತದೆ, ನೆಟ್ ಸ್ವಲ್ಪ ಹೊತ್ತು ತಡವರಿಸಿದರೂ ನಿಮಗೆ ಗೊತ್ತಾಗುವುದಿಲ್ಲ. ಆಟದ ಮುಂದಿನ ಫ್ರೇಮ್ ನಿಮ್ಮ ಬೆರಳನ್ನು ಕಾಯುತ್ತಿರುತ್ತದೆ. ಮುಂಚೆಯೇ ಇಳಿಸಿಡಲು ಅಲ್ಲಿ ಏನೂ ಇಲ್ಲ.

ಸರಾಸರಿ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಮಿಲಿಸೆಕೆಂಡ್‌ನಲ್ಲಿ) ನೋಡಿ ಸಮಾಧಾನ ಮಾಡಿಕೊಳ್ಳುವುದೂ ತಪ್ಪು. 20 ಇದ್ದದ್ದು ಆಗಾಗ 90ಕ್ಕೆ ಜಿಗಿಯುತ್ತಿದ್ದರೆ, ಒಂದೇ ಸಮ 40 ಇರುವ ನೆಟ್ ಅದಕ್ಕಿಂತ ಎಷ್ಟೋ ಮೇಲು. ಆ ಜಿಗಿತಕ್ಕೆ ಜಿಟರ್ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದರ ಮೂಲ ವೈಫೈ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಬೆಳಗಿನ ಜಾವ ಬೇಡ. ಮನೆಯವರೆಲ್ಲ ನೆಟ್ ಬಳಸುವ ಹೊತ್ತಿನಲ್ಲಿ, ನೀವು ನಿಜವಾಗಿ ಆಡುವ ಆಟವನ್ನೇ ಆಡಿ ನೋಡಿ. ಮೊದಲು ವೈಫೈನಲ್ಲಿ, ಆಮೇಲೆ ಲ್ಯಾನ್ ಕೇಬಲ್ ಹಾಕಿ. ಒಂದು ತಿಂಗಳು ಹೀಗೆ ಕಳೆದ ಮೇಲೂ ಕನ್ಸೋಲ್ ನೆನಪಾಗದಿದ್ದರೆ ಆಗ ಮಾರುವ ಮಾತು. ಕತೆ ಹೇಳುವ ಆಟ, ಪಜಲ್, ಸರದಿಯಂತೆ ಆಡುವ ಆಟಗಳು ನಿಮ್ಮ ಇಷ್ಟವಾದರೆ ನಿಜಕ್ಕೂ ತೊಂದರೆ ಆಗಲಿಕ್ಕಿಲ್ಲ. ಫೈಟಿಂಗ್ ಗೇಮ್, ಶೂಟರ್, ತಾಳಕ್ಕೆ ತಕ್ಕ ಬಟನ್ ಒತ್ತುವ ಆಟ ಆಡುವವರಿಗೆ ನಾನು ಕ್ಲೌಡ್ ಗೇಮಿಂಗ್ ತೆಗೆದುಕೊಳ್ಳಿ ಅಂತ ಹೇಳುವುದೇ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ಭಯ ಇರುವುದು ಬೇರೆ ಕಡೆ. ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ಅದರ ಹಿಂದೆ ಗೂಗಲ್‌ನಷ್ಟು ಹಣವಿತ್ತು, ಆದರೂ ಮುಚ್ಚಿತು. ಅಲ್ಲಿ ಆಟ ಕೊಂಡವರಿಗೆ ದುಡ್ಡು ವಾಪಸ್ ಬಂತು, ನಿಜ. ಮುಂದಿನ ಕಂಪನಿಯೂ ಹಾಗೇ ಮಾಡುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೂ ಮುಂಚೆ 2010ರಲ್ಲಿ ಬಂದ ಇಂಥದ್ದೇ ಸೇವೆ ಆನ್‌ಲೈವ್ 2015ರ ಏಪ್ರಿಲ್‌ನಲ್ಲಿ ನಿಂತಾಗ, ಅಲ್ಲಿ ಕೊಂಡ ಆಟಗಳೂ ಅದರ ಜೊತೆಗೇ ಹೋದವು. ಸರ್ವರ್ ನಿಂತರೆ ನಿಮ್ಮ ಕೈಯಲ್ಲಿ ಉಳಿಯುವ ಯಂತ್ರವೇ ಇಲ್ಲ, ಈ ಮಾದರಿಯೇ ಹಾಗೆ. ಜಿಫೋರ್ಸ್ ನೌ ಈ ವಿಷಯದಲ್ಲಿ ಸ್ವಲ್ಪ ವಾಸಿ. ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ನೀವು ಕೊಂಡ ಆಟವನ್ನೇ ಅದು ಓಡಿಸುತ್ತದೆ. ನಾಳೆ ಅದನ್ನು ಬಿಟ್ಟರೂ ಆಟ ನಿಮ್ಮ ಖಾತೆಯಲ್ಲೇ ಇರುತ್ತದೆ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಸಬ್‌ಸ್ಕ್ರಿಪ್ಷನ್ ಬೇರೆ, ಸ್ಟ್ರೀಮಿಂಗ್ ಬೇರೆ. 2017ರಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಬಂದಾಗ ಅದು ಆಟ ಡೌನ್‌ಲೋಡ್ ಮಾಡಿಕೊಂಡು ಕನ್ಸೋಲ್‌ನಲ್ಲೇ ಆಡುವ ಸೇವೆ. ಸ್ಟ್ರೀಮಿಂಗ್ ಸೇರಿದ್ದು 2020ರಲ್ಲಿ. ಡೌನ್‌ಲೋಡ್ ಮಾಡಿ ಆಡಿದರೆ ಮೇಲೆ ಹೇಳಿದ ಸರ್ವರ್ ದೂರದ ತಾಪತ್ರಯ ಇಲ್ಲ. ಆದರೆ ಪಟ್ಟಿಯಿಂದ ಆಟಗಳು ಹೊರಗೆ ಹೋಗುತ್ತಲೇ ಇರುತ್ತವೆ, ಅರ್ಧ ಆಡಿದ್ದೂ ಸಹ. ಹೊಸ ಹೊಸ ಆಟ ರುಚಿ ನೋಡಲು ಅದು ಒಳ್ಳೆಯದು. ವರ್ಷವಿಡೀ ಎರಡೇ ಆಟ ಆಡುವವರು ತಿಂಗಳು ತಿಂಗಳು ದುಡ್ಡು ಕಟ್ಟುವುದು ಯಾಕೆ? ಆ ಎರಡನ್ನು ಕೊಂಡುಬಿಡಿ.

ಪ್ರಶ್ನೆ: ಡಿಸ್ಕ್ ಇದ್ದರೆ ಆಟ ಯಾವತ್ತಿಗೂ ನಮ್ಮದೇ ಅಲ್ವಾ?

ಯಾವಾಗಲೂ ಅಲ್ಲ. ಯೂಬಿಸಾಫ್ಟ್ ಕಂಪನಿ ತನ್ನ 'ದಿ ಕ್ರೂ' ಆಟದ ಸರ್ವರ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದಾಗ ಡಿಸ್ಕ್ ಇದ್ದವರಿಗೂ ಆಡಲಾಗಲಿಲ್ಲ, ಯಾಕೆಂದರೆ ಅದು ನೆಟ್ ಇಲ್ಲದೆ ಓಡುವ ಆಟವೇ ಅಲ್ಲ. ಹಾಗಾಗಿ ಕೊಳ್ಳುವ ಮೊದಲು ಆಟ ಆಫ್‌ಲೈನ್‌ನಲ್ಲಿ ಓಡುತ್ತದಾ ಅಂತ ನೋಡಿ.

ಪ್ರಶ್ನೆ: ಗೇಮ್ ಬೂಸ್ಟರ್ ಆ್ಯಪ್ ಹಾಕಿ, ಡಿಎನ್‌ಎಸ್ ಬದಲಿಸಿದರೆ ಲ್ಯಾಗ್ ಹೋಗುತ್ತಂತೆ?

ಹೋಗಲ್ಲ. ಡಿಎನ್‌ಎಸ್ ಅನ್ನುವುದು ಆಟದ ಸರ್ವರ್‌ನ ವಿಳಾಸ ಹುಡುಕಿ ಕೊಡುತ್ತದೆ, ಆಟ ಶುರುವಾದ ಮೇಲೆ ಅದಕ್ಕೆ ಕೆಲಸವಿಲ್ಲ. ಬೂಸ್ಟರ್ ಹೆಸರಲ್ಲಿ ದುಡ್ಡು ಕೇಳುವವರು ಬೆಳಕಿನ ವೇಗ ಹೆಚ್ಚಿಸಲಾರರು. ಇಂಥದ್ದನ್ನು ಮಕ್ಕಳಿಗೆ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಟಿವಿಯಿಂದಲೇ ಆಗುವ ತಡ ಕಡಿಮೆಯಾಗುತ್ತದೆ. ಅದು ಪುಕ್ಕಟೆ, ನಿಜವಾಗಿಯೂ ಕೆಲಸ ಮಾಡುತ್ತದೆ.

ಪ್ರಶ್ನೆ: ಅರ್ಧ ಬೆಲೆಗೆ ಶೇರ್ಡ್ ಅಕೌಂಟ್ ಸಿಗುತ್ತಿದೆ, ತೆಗೆದುಕೊಳ್ಳಲಾ?

ಬೇಡ. ಪಾಸ್‌ವರ್ಡ್ ಮಾರುವವರ ಕೈಯಲ್ಲಿ, ನಿಮ್ಮ ದುಡ್ಡೂ ಅವರ ಕೈಯಲ್ಲಿ.

ಪ್ರಶ್ನೆ: ಮೊಬೈಲ್ ಡೇಟಾದಲ್ಲಿ ಕ್ಲೌಡ್ ಗೇಮಿಂಗ್ ಆಡಬಹುದಾ?

25 ಎಂಬಿಪಿಎಸ್‌ನಲ್ಲಿ ಒಂದು ಗಂಟೆಗೆ ಸುಮಾರು 11 ಜಿಬಿ ಖರ್ಚಾಗುತ್ತದೆ. ನಿಮ್ಮ ಪ್ಲಾನ್ ತೆಗೆದು ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಪಿಎಸ್4 ಡಿಸ್ಕ್‌ಗಳು ತುಂಬಾ ಇವೆ. ಡ್ರೈವ್ ಇಲ್ಲದ ಪಿಎಸ್5 ತೆಗೆದುಕೊಂಡರೆ ನಡೆಯುತ್ತಾ?

2020ರ ಮೊದಲ ಡಿಜಿಟಲ್ ಎಡಿಷನ್‌ಗೆ (ಡ್ರೈವ್ ಇಲ್ಲದ ಪಿಎಸ್5) ಡ್ರೈವ್ ಸೇರಿಸಲು ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಗಮನಿಸಿ. ಆಮೇಲೆ ಬಂದ ಸಣ್ಣ ಗಾತ್ರದ ಡಿಜಿಟಲ್ ಮಾದರಿ ಮತ್ತು ಪಿಎಸ್5 ಪ್ರೊಗೆ ಡ್ರೈವ್ ಬೇರೆಯಾಗಿ ಸಿಗುತ್ತದೆ, ಮೊದಲ ಸಲ ಜೋಡಿಸುವಾಗ ನೆಟ್ ಇರಲೇಬೇಕು. ಅಷ್ಟು ಡಿಸ್ಕ್ ಇರುವವರು ಡ್ರೈವ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ.